ಪ್ರೀಮಿಯಂ ಮಣ್ಣು

"ಇಷ್ಟು ದೊಡ್ಡ ಬೆಂಗಳೂರಲ್ಲಿ ನಂಬೋ ಅಂಥ ಒಬ್ಬ ಮನುಷ್ಯನೂ ಇಲ್ವಾ?" ಎಂದು ಪುನೀತ್ ಮನೆಯ ಮುಂದಿನ ಖಾಲಿ ಜಾಗದಲ್ಲಿ ನಿಂತು ಆಕಾಶವನ್ನು ಕೇಳಿದ. ಆಕಾಶ ಉತ್ತರ ಕೊಡಲಿಲ್ಲ. ಹಿಂದೆ ಮೆಟ್ಟಿಲ ಮೇಲೆ ಕೂತಿದ್ದ ಅವನ ಅಪ್ಪ ಮುನಿನಾರಾಯಣಪ್ಪನೂ ಕೊಡಲಿಲ್ಲ. ಪ್ರಶ್ನೆ ತನಗಲ್ಲವೆಂದು ಅವನಿಗೆ ಗೊತ್ತಿತ್ತು.

ರಾಜಾನುಕುಂಟೆಯ ಆ ಹೊಸ ಮನೆಗೆ ಈಗ ಹುಲ್ಲುಹಾಸು ಬೇಕಾಗಿತ್ತು. ಹುಲ್ಲು! ನಲವತ್ತು ವರ್ಷ ದ್ರಾಕ್ಷಿ ತೋಟದಲ್ಲೂ ರಾಗಿ ಹೊಲದಲ್ಲೂ ಸೊಂಟ ಬಗ್ಗಿಸಿ ಮುನಿನಾರಾಯಣಪ್ಪ ಕಿತ್ತೆಸೆದದ್ದು ಅದನ್ನೇ. ಹೇಗೆ ಬೆಳೆಸುವುದೆಂದು ಅವನನ್ನು ಯಾರೂ ಕೇಳಲಿಲ್ಲ. ಇದ್ದ ಜಮೀನೆಲ್ಲ ಲೇಔಟಾಗಿ, ಕೆರೆಯ ಕೆಳಗೆ ಅರ್ಧ ಎಕರೆ ಮಾತ್ರ ಉಳಿದಿತ್ತು. ಅದನ್ನು ಉತ್ತು ಹದ ಮಾಡಿ, ರಾಗಿ ಬಿತ್ತಲು ಒಂದು ಒಳ್ಳೆಯ ಮಳೆಗಾಗಿ ಕಾಯುತ್ತಿದ್ದ. ಉಸಿರಿರುವ ತನಕ ತನ್ನ ಹೊಲದ ಹಿಟ್ಟಿನ ಮುದ್ದೆಯನ್ನೇ ಉಣ್ಣಬೇಕೆಂಬುದೊಂದೇ ಅವನ ಹಟ.

ಮಗನ ಹಟ ಬೇರೆ: ಮೋಸ ಹೋಗಬಾರದು. ರಾಜಸೂಯ ಯಾಗಕ್ಕೆ ಋತ್ವಿಜರನ್ನು ಆರಿಸುವವನ ಹಾಗೆ ಅವನು ಕಂಟ್ರಾಕ್ಟರುಗಳನ್ನು ಪರೀಕ್ಷೆಗೆ ಕೂರಿಸಿದ. ಮೂವತ್ತೆರಡು ಪ್ರಶ್ನೆಗಳ ಪಟ್ಟಿ ವಾಟ್ಸಾಪಿನಲ್ಲಿ ಹೋಯಿತು. ನರ್ಸರಿಯ ಜಿಯಾವುಲ್ಲಾ ಪಟ್ಟಿ ಓದದೆ ನೇರವಾಗಿ ಬಂದು, ಚಪ್ಪಲಿಯ ತುದಿಯಿಂದ ನೆಲ ಕೆದಕಿದ. "ಸಾರ್, ಇದು ಮಣ್ಣಲ್ಲ. ನಿಮ್ ಮನೆ ಕಟ್ಟಿ ಮಿಕ್ಕಿರೋ ಇಟ್ಟಿಗೆ, ಸಿಮೆಂಟು. ಮೊದ್ಲು ಇದನ್ನ ತೆಗೆಸಿ. ಎರಡು ಮಳೆ ಬೀಳ್ಲಿ, ಆಮೇಲೆ ಹುಲ್ಲಿನ ಮಾತು."

"ಪ್ರೆಸೆಂಟೇಶನ್ ಏನೂ ಇಲ್ವಾ?"

"ಗಿಡ ಇದೆ ಸಾರ್."

ಅಷ್ಟಕ್ಕೇ ಜಿಯಾವುಲ್ಲಾನ ಹೆಸರಿನ ಮೇಲೆ ಗೀಟು ಬಿತ್ತು.

ಮಾರನೆಯ ದಿನ ಬಂದ ರಘುನಾಥನ ಮೇಲೆ ಯಾವ ಗೀಟೂ ಬೀಳುವಂತಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಟ್ಯಾಬು, ಮೂವತ್ತೆರಡು ಪ್ರಶ್ನೆಗೂ ಉತ್ತರ. ಮೂವತ್ಮೂರನೆಯದನ್ನು ತಾನೇ ಸೇರಿಸಿ ಅದಕ್ಕೂ ಉತ್ತರ ಬರೆದಿದ್ದ. ಮುಗಿದ ಮೇಲೆ ಮನೆ ಹೇಗೆ ಕಾಣುತ್ತದೆಂದು ಚಿತ್ರ ತೋರಿಸಿದ. ಹಸಿರು ಹಾಸು, ಕಲ್ಲಿನ ದೀಪ, ಒಂದು ಬಿಳಿ ನಾಯಿ. ಮನೆಯಲ್ಲಿ ನಾಯಿಯಿರಲಿಲ್ಲ, ಚಿತ್ರದಲ್ಲಿ ಮುನಿನಾರಾಯಣಪ್ಪನಿರಲಿಲ್ಲ.

"ಮಣ್ಣು ಎಲ್ಲಿಂದ ತರ್ತೀಯಪ್ಪ?" ಎಂದು ಮುದುಕ ಕೇಳಿದ. ಆ ಪ್ರಶ್ನೆ ಪಟ್ಟಿಯಲ್ಲಿರಲಿಲ್ಲ.

"ಪ್ರೀಮಿಯಂ ಸಾಯಿಲ್ ತಾತ. ನಮ್ದೇ ಸೋರ್ಸ್ ಇದೆ."

"ಅಪ್ಪಾ, ನೀನು ಸುಮ್ನಿರು. ಅವ್ರು ಪ್ರೊಫೆಷನಲ್ಸು," ಎಂದ ಪುನೀತ್.

ವಾರ ಕಳೆದು ಮೊದಲ ಲೋಡು ಬಂತು. ಡ್ರೈವರ್ ಸೊಣ್ಣಪ್ಪ ಟ್ರ್ಯಾಕ್ಟರನ್ನು ಗೇಟಿನ ಮುಂದೆ ನಿಲ್ಲಿಸುತ್ತಿದ್ದಂತೆ ಮುನಿನಾರಾಯಣಪ್ಪ ಹೋಗಿ ಟ್ರೇಲರಿನಿಂದ ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಹರಡಿದ. ಮಣ್ಣಿನ ನಡುವೆ ಕಪ್ಪನೆಯ ದುಂಡು ಕಾಳುಗಳು.

"ಅದು ಆರ್ಗ್ಯಾನಿಕ್ ಪೆಲೆಟ್ಸು ತಾತ," ಎಂದ ಪುನೀತನ ಪಕ್ಕ ನಿಂತಿದ್ದ ರಘುನಾಥ. "ನಿಧಾನವಾಗಿ ಸತ್ವ ಬಿಡುತ್ತೆ."

"ಕುರಿ ಇಕ್ಕೆ ಕಣಪ್ಪ ಇದು."

ಸುತ್ತಲಿನ ಹೊಲಗಳೆಲ್ಲ ಸೈಟಾದ ಮೇಲೆ ಕುರಿಗಾಹಿಗಳು ಈ ಕಡೆ ತಲೆಹಾಕುವುದನ್ನೇ ಬಿಟ್ಟಿದ್ದರು. ಹೋದ ತಿಂಗಳು ಮುನಿನಾರಾಯಣಪ್ಪ ದೊಡ್ಡಬಳ್ಳಾಪುರದಾಚೆಗೆ ಬಸ್ಸಿನಲ್ಲಿ ಹೋಗಿ, ಒಬ್ಬನ ಕೈಕಾಲು ಹಿಡಿದು, ಗೊಬ್ಬರಕ್ಕೆಂದು ತನ್ನ ಹೊಲದಲ್ಲಿ ಮೂರು ರಾತ್ರಿ ಮಂದೆ ನಿಲ್ಲಿಸಿದ್ದ. ಈ ಸುತ್ತಿನಲ್ಲಿ ಈ ವರ್ಷ ಕುರಿ ಮಲಗಿದ್ದು ಅದೊಂದೇ ಹೊಲದಲ್ಲಿ.

"ಎಲ್ಲಿ ತುಂಬಿಸ್ಕೊಂಡೆ?" ಎಂದು ಸೊಣ್ಣಪ್ಪನನ್ನು ಕೇಳಿದ.

ಸೊಣ್ಣಪ್ಪನ ಕೈಯಲ್ಲಿ ಟ್ಯಾಬು ಇರಲಿಲ್ಲವಾದ್ದರಿಂದ ನಿಜ ಹೇಳಿಬಿಟ್ಟ. "ಕೆರೆ ಕೆಳಗೆ ತಾತ, ಹುಣಸೆಮರದ ಪಕ್ಕ. ಖಾಲಿ ಬಿದ್ದೈತೆ, ಕೇಳೋರು ಯಾರೂ ಇಲ್ಲ ಅಂದ್ರು ಸಾರು. ಜೇಸಿಬಿ ಅಲ್ಲೇ ನಿಂತೈತೆ. ಇನ್ನೂ ಏಳು ಲೋಡು ಐತೆ."

"ಅದು ನನ್ನ ಒಲ."

ರಘುನಾಥನ ಮುಖ ಅರೆಗಳಿಗೆ ಬಾಡಿತು. ಮರುಗಳಿಗೆಯಲ್ಲೇ ಚಿಗುರಿತು, ಅವನು ಸುಮ್ಮನೆ ಪ್ರೊಫೆಷನಲ್ ಆದವನಲ್ಲ. "ಹೌದಾ ತಾತ? ಎಷ್ಟ್ ಒಳ್ಳೇದಾಯ್ತು ನೋಡಿ ಸಾರ್! ಎಲ್ಲಿಂದಲೋ ತಂದಿದ್ದಲ್ಲ, ನಿಮ್ ಮಣ್ಣು ನಿಮ್ ಮನೆಗೇ! ಮಿಕ್ಕಿದ್ದಕ್ಕೆ ತಾತ ಒಂದು ಹ್ಞೂಂ ಅಂದ್ಬಿಟ್ರೆ ಸಂಜೆಯೊಳಗೆ ಲೆವೆಲ್ ಮಾಡ್ಬಿಡ್ತೀವಿ."

ಮಗ ಈಗ ಸಿಡಿಯುತ್ತಾನೆಂದು ಮುನಿನಾರಾಯಣಪ್ಪ ಕಾದ. ಪುನೀತ್ ಗಂಟಲು ಸರಿಮಾಡಿಕೊಂಡ.

"ಅಪ್ಪಾ, ನಮ್ ಮನೆಗೇ ತಾನೆ? ಭಾನುವಾರ ಆಫೀಸಿನವ್ರೆಲ್ಲ ಬರ್ತಾವ್ರೆ. ನಿಂಗೆ ರಾಗಿ ಹಿಟ್ಟು ಎಷ್ಟ್ ಬೇಕೋ ಅಷ್ಟು ನಾನು ಆನ್‌ಲೈನಲ್ಲಿ ತರಿಸ್ಕೊಡ್ತೀನಿ. ಪ್ಯಾಕೆಟ್ಟು, ಕಲ್ಲು ಕಸ ಒಂದೂ ಇರಲ್ಲ."

ಮುನಿನಾರಾಯಣಪ್ಪ ಅಂಗೈಯ ಮಣ್ಣನ್ನು ಒಂದು ಕಾಳೂ ಕೆಳಗೆ ಚೆಲ್ಲದಂತೆ ಟ್ರೇಲರಿಗೆ ಒದರಿದ. ಚಪ್ಪಲಿ ಬಿಟ್ಟ. ಚಕ್ರದ ಮೇಲೆ ಕಾಲಿಟ್ಟು ಹತ್ತಿ, ಆ ಮಣ್ಣಿನ ಗುಡ್ಡೆಯ ಮೇಲೆ ಪುರಾಣ ಕೇಳಲು ಕೂತವನಂತೆ ಚಕ್ಕಂಬಕ್ಕಳ ಹಾಕಿ ಕೂತ.

"ತಿರುಗ್ಸಪ್ಪ ಗಾಡಿ. ತುಂಬಿದ್ ಜಾಗಕ್ಕೇ ಹೊಡಿ."

ಸೊಣ್ಣಪ್ಪ ಒಮ್ಮೆ ರಘುನಾಥನ ಮುಖ ನೋಡಿದ, ಒಮ್ಮೆ ಮುದುಕನ ಮುಖ ನೋಡಿದ, ಕೀಲಿ ತಿರುಗಿಸಿದ. ಎದುರು ಮನೆಯ ಬಾಲ್ಕನಿಯಲ್ಲಿ ಆಗಲೇ ಮೂರು ತಲೆಗಳು ಕಂಡಿದ್ದವು. ಪುನೀತ್ ಓಡಿ ಬಂದು ಟ್ರೇಲರಿನ ಅಂಚು ಹಿಡಿದು, ಹಲ್ಲುಕಚ್ಚಿ, ಸಣ್ಣ ದನಿಯಲ್ಲಿ ಬೇಡಿಕೊಂಡ: "ಅಪ್ಪಾ, ಎಲ್ರೂ ನೋಡ್ತಾವ್ರೆ. ಕಾಲಿಗ್ ಬೀಳ್ತೀನಿ, ಇಳಿ ಕೆಳಕ್ಕೆ."

"ಇಳಿಯಲ್ಲ."