ಮೇಸ್ತ್ರಿಯಾದ ಗೌಂಡಿ

ಚಂದ್ರಾಮನ ಬಲ ಮುಂಗೈಗೆ ಎರಡು ಅಂಟುಪಟ್ಟಿ ಹಚ್ಚಿ, ನಲಿನಿ ಮಷೀನಿನ ಗುಂಡಿ ತಿರುವಿದಳು. ಚರ್ಮದಡಿ ಇರುವೆಸಾಲು ಹರಿದಂತಾಯಿತು. ಮಣಿಕಟ್ಟು ತಾನಾಗಿ ಮೇಲೆದ್ದು, ಮುದುಡಿದ್ದ ಬೆರಳುಗಳು ಬಿಚ್ಚಿಕೊಂಡವು. ಕರೆಂಟು ನಿಂತ ಕೂಡಲೇ ಕೈ ದೊಪ್ಪನೆ ಮೇಜಿಗೆ ಬಿತ್ತು.

“ಕರೆಂಟ್ ಬಂದಾಗ ನೀವೂ ಜೋರ್ ಹಾಕ್ಬೇಕ್ರಿ. ಬರೇ ಮಷೀನ್ ಎತ್ತಿದ್ರ ಕೈ ಕಲಿಯೂದಿಲ್ಲ,” ಎಂದಳು ನಲಿನಿ. ತೆಲುಗು ಸೀಮೆಯ ಕುಷಾಯಿಗೂಡದ ಆ ಸಣ್ಣ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಕನ್ನಡ ಬಲ್ಲವಳು ಅವಳೊಬ್ಬಳೇ.

“ಹಾಕಾಕತ್ತೀನ್ರಿ,” ಎಂದ ಚಂದ್ರಾಮ, ಗೋಡೆ ನೋಡುತ್ತ.

“ಎಲ್ಲಿ ಹಾಕಾಕತ್ತಾರ್ರಿ!” ಪಕ್ಕದಲ್ಲಿ ಕೂತಿದ್ದ ಹೆಂಡತಿ ಸುಗಲಮ್ಮ ಬಿಡಲಿಲ್ಲ. “ಇಪ್ಪತ್ತು ವರ್ಷ ಗ್ವಾಡಿ ಕಟ್ಟೂ ಗೌಂಡಿ ಆಗಿದ್ರು. ಈಗ ಮೇಸ್ತ್ರಿ ಆಗ್ಯಾರ. ಮಷೀನ್ ಅನ್ನೂ ಆಳು ದುಡೀತೈತಿ, ಇವ್ರು ಕುಂತು ಗ್ವಾಡಿ ನೋಡ್ತಾರ.”

ನಲಿನಿ ನಕ್ಕಳು. ಚಂದ್ರಾಮನಿಗೂ ನಗು ಬಂತು, ಆದರೆ ತುಟಿಯಾಚೆ ಬರಲಿಲ್ಲ. ಮೂರು ತಿಂಗಳ ಹಿಂದೆ ಮಾದಾಪುರದ ಕಟ್ಟಡದಲ್ಲಿ ಪ್ಲಾಸ್ಟರ್ ಮಾಡುತ್ತಿದ್ದಾಗ ಲಕ್ವಾ ಹೊಡೆದಿತ್ತು. ಮೊದಲ ವಾರ ಆಸ್ಪತ್ರೆಯ ಮಂಚದ ಮೇಲೆ ಮೈಯೊಳಗಿದ್ದ ಬಲವನ್ನೆಲ್ಲ ಒಟ್ಟುಗೂಡಿಸಿ ಆ ಕೈ ಎತ್ತಲು ನೋಡಿದ್ದ. ಅದು ಯಾರದೋ ಕೈಯಂತೆ ಬಿದ್ದೇ ಇತ್ತು. ಅಂದಿನಿಂದ ಅವನು ಆ ಕೈಯನ್ನು ಏನೂ ಕೇಳಿರಲಿಲ್ಲ. ಕೇಳಿ ಇಲ್ಲ ಅನ್ನಿಸಿಕೊಳ್ಳುವುದಕ್ಕಿಂತ ಕೇಳದಿರುವುದೇ ಮರ್ಯಾದೆ. ಮಷೀನು ಎತ್ತುತ್ತದೆಯಲ್ಲ, ಎತ್ತಲಿ.

“ಮೇಡಮ್ಮಾರ, ನನಗೊಮ್ಮೆ ಹಚ್ಚರಿ,” ಸುಗಲಮ್ಮ ಸೆರಗು ಸಿಕ್ಕಿಸಿ ಎದುರಿನ ಕುರ್ಚಿಗೆ ಬಂದು ಕೂತಳು. “ಅಂಥಾ ಏನ್ ತ್ರಾಸ್ ಐತಿ ಇದ್ರಾಗ, ನಾನೂ ನೋಡ್ತೀನಿ.”

“ಸುಮ್ಕ ಇರಲೇ,” ಎಂದ ಚಂದ್ರಾಮ. ಅವಳೆಲ್ಲಿ ಕೇಳುತ್ತಾಳೆ? ನಲಿನಿಯೂ ತಮಾಷೆಗೆ ಒಪ್ಪಿ, ಅವನ ಕೈಯ ವೈರು ಬಿಡಿಸಿ, ಬೇರೆ ಪಟ್ಟಿ ತೆಗೆದು ಅವಳ ಮುಂಗೈಗೆ ಅಂಟಿಸಿ ವೈರು ಸಿಕ್ಕಿಸಿದಳು. ಸಿಮೆಂಟಿನ ಬುಟ್ಟಿ ಹೊತ್ತು ಹೊತ್ತು ಹುರಿಗಟ್ಟಿದ ಕೈ ಅದು. ಮಷೀನಿನ ಕಡೆ ನಲಿನಿ ತಿರುಗಿದ್ದಳಷ್ಟೆ.

“ಸತ್ತೆನಪ್ಪೋ!” ಸುಗಲಮ್ಮ ಚೀರಿದಳು. ಅವಳ ಕೈ ಗಡಗಡ ನಡುಗಿತು, ಕಣ್ಣು ಮೇಲಾದವು.

ಚಂದ್ರಾಮ ಎಡಗೈಯಿಂದ ಕುರ್ಚಿ ಹಿಡಿದು ಅರ್ಧ ಎದ್ದುಬಿಟ್ಟ. “ಬಂದ್ ಮಾಡ್ರಿ! ಬಂದ್ ಮಾಡ್ರಿ!” ಎಂದು ಕೂಗುತ್ತ ಅವಳ ವೈರಿನತ್ತ ಬಾಗಿದ.

“ನಾ ಇನ್ನೂ ಮಷೀನ್ ಚಾಲೂನೇ ಮಾಡಿಲ್ಲಲ್ರಿ...” ಎಂದು ತಿರುಗಿದ ನಲಿನಿ ಹಾಗೇ ನಿಂತಳು.

ಚಂದ್ರಾಮನ ಬಲಗೈ ಮೇಜು ಬಿಟ್ಟು ಎರಡು ಬೆರಳಷ್ಟು ಮೇಲೆದ್ದಿತ್ತು. ತೋರುಬೆರಳು ಅರ್ಧ ಬಿಚ್ಚಿ ವೈರಿನ ಕಡೆ ಚಾಚಿತ್ತು. ಮೂವರೂ ಅದನ್ನೇ ನೋಡಿದರು. ಅಷ್ಟರಲ್ಲಿ ಅದು ಸೋತು ಕೆಳಗೆ ಬಿತ್ತು.

ಸುಗಲಮ್ಮ ತುಟಿ ಕಚ್ಚಿಕೊಂಡು, ಸಿಕ್ಕಿಬಿದ್ದ ಕಳ್ಳಿಯ ಹಾಗೆ ಒಂದೊಂದೇ ಪಟ್ಟಿ ಕಿತ್ತು ಮೇಜಿನ ಮೇಲಿಟ್ಟಳು. ಈಗ ಬೈಗಳು ಬರುತ್ತವೆಂದು ತಲೆ ತಗ್ಗಿಸಿದಳು.

ಚಂದ್ರಾಮ ಕುರ್ಚಿಯಲ್ಲಿ ಕೂತ. ಎಡಗೈಯಿಂದ ಬಲಗೈಯನ್ನು ಮೇಜಿನ ಮೇಲೆ ನೆಟ್ಟಗೆ ಇಟ್ಟುಕೊಂಡ. ಅದನ್ನೇ ದಿಟ್ಟಿಸುತ್ತ, ದನಿ ತಗ್ಗಿಸಿ ಹೆಂಡತಿಗೆ ಹೇಳಿದ:

“ಇನ್ನೊಮ್ಮೆ ಚೀರು.”