ಗುಡ್ಡದ ಅಂದಾಜು

ಗುಡ್ಡದ ಬುಡದಲ್ಲಿ ಫಕೀರವ್ವನದೊಂದೇ ಗುಡಿಸಲು. ಅದಿರು ಹುಡುಕಲು ಬಂದ ಭೂವಿಜ್ಞಾನಿಗೆ ಅವಳದೇ ರೊಟ್ಟಿ.

"ಗುಡ್ಡದಾಗ ಏನೂ ಇಲ್ಲೇನ್ರಿ ಸಾಹೇಬ್ರ?"

"ಮ್ಯಾಂಗನೀಸ್ ಇರಬಹುದು ಅಂತ ಅಂದಾಜು. ಹಳ್ಳದಲ್ಲಿ ಅದರದ್ದೊಂದು ಕಲ್ಲಾದರೂ ಸಿಗಬೇಕಲ್ಲ? ಸಿಗದಿದ್ದರೆ ನಾಳೆ ಡೇರೆ ಕಿತ್ತು ಹೊರಡೋದೇ."

"ಎಂಥಾ ಕಲ್ಲು?"

"ಕರ್ರಗೆ, ಭಾರವಾಗಿ. ನಿನ್ನ ಒಲೆಯ ಮೂರು ಕಲ್ಲುಗಳ ಹಾಗೆ."

"ಇವು ನನ್ನ ತವರಿಂದ ತಂದವು ಬಿಡ್ರಿ. ನೀವು ಹೋದ್ರ ನಾ ಮತ್ತ ಆಡಿನ ಕೂಡನ ಮಾತಾಡಬೇಕು."

ಮರುದಿನ ಬೆಳಿಗ್ಗೆ ಹಳ್ಳದಲ್ಲಿ ಕರಿಯ, ಭಾರದ ಕಲ್ಲೊಂದು ಸಿಕ್ಕಿತು. ಡೇರೆ ಕೀಳುವುದನ್ನು ನಿಲ್ಲಿಸಿ, ಸುದ್ದಿ ಹೇಳಲು ಆತ ಗುಡಿಸಲಿಗೆ ಓಡಿದ.

ಫಕೀರವ್ವ ಎರಡೇ ಕಲ್ಲಿನ ಒಲೆಯ ಮುಂದೆ, ಚಹಾದ ಪಾತ್ರೆ ಉರುಳದಂತೆ ಇಕ್ಕಳದಲ್ಲಿ ಹಿಡಿದು ಕೂತಿದ್ದಳು.