ಬ್ರೇಕ್ ಹಿಡಿಯದ ಕಾರು

ಎತ್ತುಗಳು ಶೋರೂಮಿನ ಗೇಟು ದಾಟುವಷ್ಟರಲ್ಲಿ ಸೆಕ್ಯುರಿಟಿಯವನು ಓಡಿಬಂದು ಅಡ್ಡ ನಿಂತ. ಅಪ್ಪಯ್ಯಣ್ಣ ಬಾರುಕೋಲು ಎತ್ತಿದ. ಸೆಕ್ಯುರಿಟಿಯವನು ಪಕ್ಕಕ್ಕೆ ಸರಿದ. ನೊಗಕ್ಕೆ ಕಟ್ಟಿದ ಹಗ್ಗದ ಹಿಂದೆ ಮೂತಿ ಜಜ್ಜಿಹೋದ ಬಿಳಿ ಕಾರು ತೆವಳಿಕೊಂಡು ಒಳಗೆ ಬಂತು.

“ಕಂಪನಿಯೋರನ್ನ ಕರಿಯಪ್ಪಾ. ಅವರ ಸಾಮಾನು ವಾಪಸ್ ತಂದಿದ್ದೀನಿ.”

ಕುಂದಾಣದ ಕಡೆಯಿಂದ ಹೈವೇವರೆಗೂ ಜನ ನಿಂತು ನೋಡಿದ್ದರು. ನೋಡಲಿ ಅಂತಲೇ ಅವನು ಎತ್ತು ಹೂಡಿದ್ದು. ಇಬ್ಬರು ಟಿವಿಯವರೂ ಬೆನ್ನು ಹತ್ತಿದ್ದರು. ಅಪ್ಪಯ್ಯಣ್ಣನಿಗೆ ಬೇಕಾಗಿದ್ದು ಬರೀ ಕಾರಲ್ಲ. ಬದಲಿ ಕೊಟ್ಟರೆ ಇದು ಕೆಟ್ಟ ಗಾಡಿ ಎಂದು ಕಂಪನಿಯೇ ಒಪ್ಪಿದಂತೆ. ಕಂಪನಿ ಒಪ್ಪಿದರೆ ತನ್ನ ಮಗ ಕೊಲೆಗಾರನಲ್ಲ.

ಹೊಲ ಏರ್‌ಪೋರ್ಟಿಗೆ ಹೋದ ಮೇಲೆ ಕೊಂಡ ಕಾರು ಅದು. ಮಗ ಕೆಂಪರಾಜ್ ಅದೇ ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸುತ್ತಿದ್ದ. ಕಾರು ಬಂದಾಗಿನಿಂದ ಒಂದೇ ಗೋಳು. ಸಮತಟ್ಟಾದ ರಸ್ತೆಯಲ್ಲಿ ಬಂಗಾರದಂಥ ಗಾಡಿ. ಇಳಿಜಾರಿನಲ್ಲಿ ಮಾತ್ರ ಒಮ್ಮೊಮ್ಮೆ ಎಷ್ಟು ತುಳಿದರೂ ಬ್ರೇಕು ಕೆಳಗೇ ಇಳಿಯದು. “ಕಲ್ಲು ತುಳಿದಂಗಾಗ್ತದೆ ಕಣಪ್ಪಾ,” ಎನ್ನುತ್ತಿದ್ದ ಕೆಂಪರಾಜ್. ತಿರುವಿನಲ್ಲಿ ಅಡಿಯಲ್ಲೆಲ್ಲೋ ಗಡಗಡ ಸದ್ದು ಬೇರೆ. ಬಾನೆಟ್ ಎತ್ತಿ ನೋಡಿದ್ದ, ಚಕ್ರ ಬಿಚ್ಚಿ ನೋಡಿದ್ದ. ಸರ್ವಿಸಿಗೆ ಬಿಟ್ಟರೆ ಸದ್ದೂ ಇಲ್ಲ, ದೋಷವೂ ಇಲ್ಲ.

ಸರ್ವಿಸಿಗೆ ಹೋಗುವ ದಿನ ಅಪ್ಪಯ್ಯಣ್ಣನ ಹೆಂಡತಿ ಪಿಳ್ಳಮ್ಮ ಬೆಳಗ್ಗೆಯೇ ಕಾರು ಗುಡಿಸಿ, ಒಳಗಿನ ದೇವರ ಸಾಮಾನನ್ನೆಲ್ಲ ತೆಗೆದು ದೇವರಗೂಡಿನಲ್ಲಿಡುತ್ತಿದ್ದಳು. ಕಂಡಕಂಡವರು ಚಪ್ಪಲಿ ಕಾಲಲ್ಲಿ ಹತ್ತಿ ಇಳಿಯುವ ಜಾಗ, ಮೈಲಿಗೆಯಾಗುತ್ತದೆ. ಕಾರು ವಾಪಸ್ ಬಂದ ಮೇಲೆ ಕೈಕಾಲು ತೊಳೆದು ಮತ್ತೆ ಜೋಡಿಸುತ್ತಿದ್ದಳು. ಕಂಪನಿಗಿಲ್ಲದ ಕಾಳಜಿ ಇವಳಿಗಾದರೂ ಇದೆಯಲ್ಲ ಎಂದುಕೊಳ್ಳುತ್ತಿದ್ದ ಅಪ್ಪಯ್ಯಣ್ಣ.

ಯುಗಾದಿಯ ಮಾರನೆಯ ದಿನ, ಬಾಡೂಟ, ಕುಡಿತಗಳ ಹೊಸತೊಡಕಿನ ಮಧ್ಯಾಹ್ನ, ಕೆರೆ ಏರಿಯ ಆಚೆ ಇಳಿಜಾರಿನಲ್ಲಿ ಕಾರು ನಿಲ್ಲಲಿಲ್ಲ. ಎದುರಿಗೆ ಸೈಕಲ್ ತಳ್ಳಿಕೊಂಡು ಬರುತ್ತಿದ್ದವನು ಆಂಜಿನಪ್ಪ, ಪಿಳ್ಳಮ್ಮನ ಒಡಹುಟ್ಟಿದ ತಮ್ಮ. ಕಾರಿಗೂ ಹುಣಸೆಮರಕ್ಕೂ ನಡುವೆ ಸಿಕ್ಕಿ ಅಲ್ಲೇ ಹೋಗಿಬಿಟ್ಟ. ಪಿಳ್ಳಮ್ಮ ಎದೆ ಬಡಿದುಕೊಂಡು ಅತ್ತಳು. ಪೊಲೀಸರು ಬೂಟುಗಾಲಲ್ಲಿ ತುಳಿದಾರೆಂದು, ಅಳುತ್ತಲೇ ಕಾರಿನೊಳಗಿನ ಆಂಜನೇಯ, ಒಣಗಿದ ಹಾರ, ಅರಿಶಿನ ಬಟ್ಟೆಯ ಗಂಟು ಎಲ್ಲವನ್ನೂ ಬಾಚಿ ಮಡಿಲಿಗೆ ತುಂಬಿಕೊಂಡಳು.

ಹೊಸತೊಡಕು ಅಂದ ಮೇಲೆ ಊರಿಗೆ ಬೇರೆ ಸಾಕ್ಷಿ ಬೇಕೇ? ಕುಡಿದು ಸೋದರಮಾವನನ್ನೇ ಕೊಂದ ಎಂದರು. ಕೆಂಪರಾಜ್ ಒಂದು ತೊಟ್ಟೂ ಮುಟ್ಟದವನು. ಯಾರು ಕೇಳಬೇಕು? ಆಂಜಿನಪ್ಪನ ಹೆಂಡತಿ ಅನುಸೂಯಮ್ಮ ಅವತ್ತಿನಿಂದ ಇವರ ಹೊಸ್ತಿಲು ತುಳಿಯಲಿಲ್ಲ. ಜಾಮೀನಿನ ಮೇಲೆ ಬಂದ ಕೆಂಪರಾಜ್ ಮಾತು ಬಿಟ್ಟ, ಊಟ ಬಿಟ್ಟ. ಮಗ ಬಾವಿ ಕಡೆ ಎದ್ದು ಹೋದರೆ ಸಾಕು, ಅಪ್ಪಯ್ಯಣ್ಣನ ಜೀವ ಬಾಯಿಗೆ ಬರುತ್ತಿತ್ತು.

ಶೋರೂಮಿನ ಸಾಹೇಬ ಹೊರಗೆ ಬಂದ. ಎತ್ತುಗಳನ್ನು ನೋಡಿದ, ಕ್ಯಾಮೆರಾ ನೋಡಿದ.

“ಯಜಮಾನ್ರೇ, ನಮ್ಮ ಹತ್ರ ಬಂದಾಗೆಲ್ಲ ಗಾಡಿ ಸರಿಯಾಗೇ ಇತ್ತು. ನಿಮ್ಮನೆಗೆ ಹೋದ್ಮೇಲೇ ಕೆಡ್ತದೆ ಅಂದ್ರೆ ನಾವೇನ್ ಮಾಡೋಣ ಹೇಳಿ?”

“ಕಳ್ಳಂಗೊಂದು ಪಿಳ್ಳೆ ನೆವ! ನಿಮ್ಮ ಗಾಡಿ ನನ್ನ ಬಾಮೈದನ್ನ ನುಂಗ್ತು. ನೀವು ನಮ್ಮನೆ ಕಡೆ ಬೆರಳು ತೋರಿಸ್ತೀರಾ?”

ಅಪ್ಪಯ್ಯಣ್ಣ ಗಾಜಿನ ಬಾಗಿಲ ಮುಂದೆಯೇ ಎತ್ತುಗಳಿಗೆ ಹುಲ್ಲು ಹರವಿ ಕೂತ. ಅವು ತಿಂದವು, ಅಲ್ಲೇ ಸಗಣಿ ಹಾಕಿದವು. ಟಿವಿಯಲ್ಲಿ ಎಲ್ಲವೂ ಬಂತು. ವಾರ ಕಳೆಯುವುದರೊಳಗೆ ಕಂಪನಿ ಸೋತಿತು. ದೋಷವೇನೂ ಕಂಡಿಲ್ಲ, ಗ್ರಾಹಕರ ಸಮಾಧಾನಕ್ಕೆ ಬದಲಿ ಕೊಡುತ್ತಿದ್ದೇವೆ ಎಂದರು. ಮೊದಲಿನ ಮಾತು ಯಾರ ಕಿವಿಗೂ ಬೀಳಲಿಲ್ಲ. ಸುಮ್‌ಸುಮ್ನೆ ಯಾವ ಕಂಪನಿ ಹೊಸ ಕಾರು ಕೊಡ್ತದೆ ಗುರು ಎಂದು ಅರಳಿಕಟ್ಟೆಯವರೇ ನಾಲಿಗೆ ತಿರುಗಿಸಿದರು.

ಹೊಸ ಕಾರಿನ ಪೂಜೆಗೆ ಅನುಸೂಯಮ್ಮ ತಾನಾಗಿ ಬಂದಳು. ಕುಂಬಳಕಾಯಿ ಒಡೆದದ್ದಾಯಿತು, ಚಕ್ರದಡಿ ನಿಂಬೆಹಣ್ಣು ಇಟ್ಟದ್ದಾಯಿತು. ಅವಳು ಕೆಂಪರಾಜನ ತಲೆ ಸವರಿದಳು.

“ನಿನ್ನ ತಪ್ಪಿಲ್ಲ ಬಿಡು ಮಗಾ. ಆ ಹಾಳು ಗಾಡಿ ತಪ್ಪು. ನಡಿ, ಏರಿ ಆಚೆ ಮನೆ ತನಕ ಬಿಡು. ಇದ್ರಲ್ಲೇ ಬರ್ತೀನಿ.”

ಕೆಂಪರಾಜ್ ಬಿಕ್ಕಿ ಬಿಕ್ಕಿ ಅತ್ತ. ಅಪ್ಪಯ್ಯಣ್ಣನಿಗೂ ಕಣ್ಣು ತುಂಬಿತು. ಮಗ ಉಳಿದ, ಅಷ್ಟು ಸಾಕು.

ಕಾರು ಅಂಗಳದಲ್ಲಿ ತಿರುಗಿತು. ಗಡಗಡ.

ಅಪ್ಪಯ್ಯಣ್ಣ ಬೆಚ್ಚಿಬಿದ್ದ. ಅದೇ ಸದ್ದು! “ನಿಲ್ಸೋ, ಕೆಂಪಾ!” ಎಂದು ಕೂಗಿದ. ಕಾರಿನ ಗಾಜು ಏರಿಸಿತ್ತು. ಕೂಗು ಕೇಳಿಸದೆ ಕಾರು ಕೆರೆ ಏರಿಯನ್ನು ಹತ್ತತೊಡಗಿತು.

“ಲೇ ಪಿಳ್ಳೀ, ಆ ಸದ್ದು ಕೇಳಿಸ್ತೇನೇ? ಇದೂ ಕೆಟ್ಟ ಗಾಡೀನೇ ಕಣೇ!”

ಪಿಳ್ಳಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ನಗು ಕಂಡಿತ್ತು. ಅಷ್ಟರಲ್ಲಿ ಕಾರು ಏರಿಯ ನೆತ್ತಿ ಮುಟ್ಟಿ, ಆಚೆಯ ಇಳಿಜಾರಿಗೆ ಮೂತಿ ತಗ್ಗಿಸಿತು.

“ಅಯ್ಯೋ, ಹೆದರ್ಕೋಬೇಡಿ. ಅದು ಮುನೇಶ್ವರನ ಗುಡೀಲಿ ಮಂತ್ರಿಸ್ಕೊಟ್ಟ ತೆಂಗಿನಕಾಯಿ ಉರುಳೋ ಸದ್ದು. ಹಳೇ ಕಾರಲ್ಲಿದ್ದದ್ದೇ. ಯಾರಿಗೂ ಹೇಳ್ಬಾರ್ದು ಅಂದಿದ್ರು ಪೂಜಾರಪ್ಪ. ಅರಿಶಿನ ಬಟ್ಟೇಲಿ ಸುತ್ತಿ, ಇದ್ರಲ್ಲೂ ಮಗನ ಸೀಟಿನ ಕೆಳಗೇ ಇಟ್ಟಿದ್ದೀನಿ.”